ಐದು ಕಂಠ, ಒಬ್ಬ ಯೂದ: ರಾಕ್ ಮ್ಯೂಸಿಕಲ್‌ನ ಪಾತ್ರವನ್ನು ಹೋಲಿಸಿ ಕೇಳುವ ಬಗೆ

ತಾಳಮದ್ದಳೆ ಕೇಳಿ ಬೆಳೆದವರಿಗೆ ಪಾತ್ರಗಳನ್ನು ಹೋಲಿಸುವುದು ಹೊಸದೇನಲ್ಲ. ಶೇಣಿಯವರ ವಾಲಿ ಹೇಗಿತ್ತು, ಅದೇ ವಾಲಿ ಇನ್ನೊಬ್ಬರ ಬಾಯಲ್ಲಿ ಹೇಗೆ ಬೇರೆಯಾಯಿತು ಎಂದು ರಾತ್ರಿಯಿಡೀ ಚರ್ಚಿಸುವವರಿದ್ದಾರೆ. ಆದರೆ ಅಲ್ಲಿ ಪದ್ಯವಷ್ಟೇ ಒಂದು, ಮಾತು ಆಯಾ ಅರ್ಥಧಾರಿಯದು. ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ನಲ್ಲಿ ಹಾಗಿಲ್ಲ. ಇದು ಮೊದಲಿಂದ ಕೊನೆಯವರೆಗೂ ಹಾಡಿನಲ್ಲೇ ಸಾಗುವ ಕೃತಿ. ಟಿಮ್ ರೈಸ್ ಬರೆದ ಸಾಲು, ಆಂಡ್ರ್ಯೂ ಲಾಯ್ಡ್ ವೆಬರ್ ಕೂರಿಸಿದ ಸ್ವರ ಎರಡೂ ಮೊದಲೇ ಗೊತ್ತಾಗಿರುತ್ತವೆ. ನಟನ ಪಾಲಿಗೆ ಉಳಿಯುವುದು ಉಸಿರು, ಒತ್ತು, ನಿಲುಗಡೆ, ದನಿಯ ಬಣ್ಣ ಮತ್ತು ಮೈ. ಹೋಲಿಕೆ ನಡೆಯಬೇಕಾದದ್ದು ಈ ಕಿರಿದಾದ ಜಾಗದಲ್ಲೇ.

ಪಾತ್ರ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನದು. ಈ ಕೃತಿಯ ಯೂದ ದುಡ್ಡಿನಾಸೆಯ ಖಳನಲ್ಲ. ಗೆಳೆಯ ಯೇಸುವಿನ ಸುತ್ತ ಸೇರುತ್ತಿರುವ ಜನ ಕೈಮೀರಿ ಹೋದರೆ ರೋಮನ್ನರು ಎಲ್ಲರನ್ನೂ ಹೊಸಕಿಹಾಕುತ್ತಾರೆ ಎಂದು ಹೆದರಿದವನು. ಆದ್ದರಿಂದ ‘ಯಾರು ಚೆನ್ನಾಗಿ ಹಾಡಿದರು’ ಎಂಬ ಪ್ರಶ್ನೆ ಇಟ್ಟುಕೊಂಡು ಕೂತರೆ ಕೈಗೆ ಏನೂ ಸಿಗುವುದಿಲ್ಲ. ‘ಈ ಯೂದ ಯಾವ ಸಾಲಿನಲ್ಲಿ ಮುರಿದ?’ ಎಂದು ಕೇಳಿಕೊಳ್ಳಿ. ಪ್ರತಿ ನಟನೂ ಇದಕ್ಕೆ ಬೇರೆ ಉತ್ತರ ಕೊಡುತ್ತಾನೆ.

ಯಾವ ಆವೃತ್ತಿಗಳು

ಐದಕ್ಕಿಂತ ಹೆಚ್ಚು ಬೇಡ. ಆರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ನೆನಪು ಮಸುಕಾಗಿರುತ್ತದೆ.

ಮೊದಲನೆಯದು 1970ರ ಎರಡು ಎಲ್‌ಪಿಗಳ ಆಲ್ಬಮ್. ರಂಗಕ್ಕೆ ಬರುವ ಮೊದಲೇ ಕೃತಿ ತಟ್ಟೆಯಾಗಿ ಬಂದಿತ್ತು. ಅದರಲ್ಲಿ ಯೂದನಾಗಿ ಮರ್ರಿ ಹೆಡ್, ಯೇಸುವಾಗಿ ಡೀಪ್ ಪರ್ಪಲ್ ರಾಕ್ ತಂಡದ ಇಯಾನ್ ಗಿಲನ್. ಎರಡನೆಯದು ನಾರ್ಮನ್ ಜ್ಯೂಯಿಸನ್ ಇಸ್ರೇಲಿನಲ್ಲಿ ಚಿತ್ರೀಕರಿಸಿದ 1973ರ ಸಿನಿಮಾ. ಯೂದ ಕಾರ್ಲ್ ಆಂಡರ್ಸನ್, ಯೇಸು ಟೆಡ್ ನೀಲಿ. ಮೂರನೆಯದು 2000ದ ವಿಡಿಯೋ ಆವೃತ್ತಿ, ಅದರಲ್ಲಿ ಜೆರೋಮ್ ಪ್ರಡೋನ್. ನಾಲ್ಕನೆಯದು 2012ರ ಬ್ರಿಟನ್ನಿನ ಅರೀನಾ (ಸಾವಿರಾರು ಜನ ಕೂರುವ ದೊಡ್ಡ ಸಭಾಂಗಣ) ಪ್ರವಾಸದ ಟಿಮ್ ಮಿಂಚಿನ್. ಐದನೆಯದು 2018ರ ಏಪ್ರಿಲ್ 1ರಂದು ಅಮೆರಿಕದ ಟಿವಿ ವಾಹಿನಿ ಎನ್‌ಬಿಸಿ ನೇರಪ್ರಸಾರ ಮಾಡಿದ ಪ್ರದರ್ಶನದ ಬ್ರ್ಯಾಂಡನ್ ವಿಕ್ಟರ್ ಡಿಕ್ಸನ್, ಎದುರಿಗೆ ಜಾನ್ ಲೆಜೆಂಡ್.

1971ರ ಬ್ರಾಡ್‌ವೇ ಯೂದ ಬೆನ್ ವೆರೀನ್ ಹೆಸರನ್ನು ಬಿಡಲು ಮನಸ್ಸಾಗುವುದಿಲ್ಲ. ಆದರೆ ಆ ತಂಡದ ತಟ್ಟೆಯಲ್ಲಿ ಆಯ್ದ ಹಾಡುಗಳಷ್ಟೇ ಇವೆ. ತುಣುಕನ್ನು ಪೂರ್ತಿ ಪ್ರದರ್ಶನಗಳ ಪಕ್ಕ ಇಟ್ಟು ತೂಗುವುದು ಅನ್ಯಾಯ, ಆದ್ದರಿಂದ ವೆರೀನ್‌ರನ್ನು ಬೇರೆಯಾಗಿಯೇ ಕೇಳಿ. ನಮ್ಮಲ್ಲೂ 1970ರ ದಶಕದಲ್ಲಿ ಅಲಿಕ್ ಪದಂಸಿ ಮುಂಬಯಿಯಲ್ಲಿ ಈ ಕೃತಿಯನ್ನು ರಂಗಕ್ಕೆ ತಂದಿದ್ದರು. ನಂದು ಭೇಂಡೆ ಅದರ ಯೂದ. ಅದನ್ನು ಕಣ್ಣಾರೆ ಕಂಡ ಹಿರಿಯರು ಸಿಕ್ಕರೆ ಮೊದಲು ಕೂರಿಸಿಕೊಂಡು ಕೇಳಿ ಬರೆದಿಟ್ಟುಕೊಳ್ಳಿ.

ಯಾವ ಜಾಗಗಳು

ಪೂರ್ತಿ ಕೃತಿಯನ್ನು ಐದು ಸಲ ನೋಡಿದರೆ ದಣಿವು ಬರುತ್ತದೆ, ತಿಳಿವಳಿಕೆ ಬರುವುದಿಲ್ಲ. ಪ್ರತಿ ಆವೃತ್ತಿಯನ್ನೂ ಒಮ್ಮೆ ಪೂರ್ತಿ ನೋಡಿ, ಆಮೇಲೆ ಈ ನಾಲ್ಕು ಜಾಗಗಳಿಗೆ ಮಾತ್ರ ಮರಳಿ.

ಒಂದು, ‘ಹೆವೆನ್ ಆನ್ ದೇರ್ ಮೈಂಡ್ಸ್’. ಯೂದನ ಮೊದಲ ಹಾಡು, ಆಲ್ಬಮಿನಲ್ಲಿ ಸುಮಾರು ನಾಲ್ಕೂಕಾಲು ನಿಮಿಷ. ಮೊದಲ ಸಾಲುಗಳಲ್ಲಿ ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ, ಎಲ್ಲವೂ ಈಗ ನಿಚ್ಚಳವಾಗಿ ಕಾಣುತ್ತಿದೆ ಎನ್ನುತ್ತಾನೆ. ಥಟ್ಟನೆ ಮೇಲಿನ ಸ್ವರಕ್ಕೆ ನೆಗೆದು ಗೆಳೆಯನನ್ನು ಹೆಸರು ಹಿಡಿದು ಕೂಗುತ್ತಾನೆ. ಆ ಒಂದು ಕೂಗನ್ನು ಐದು ಬಾಯಲ್ಲಿ ಕೇಳಿದರೆ ಅರ್ಧ ಕೆಲಸ ಮುಗಿಯಿತು. ಹೆಡ್ ಗಂಟಲನ್ನು ಉಜ್ಜಿ ಕೂಗುತ್ತಾರೆ, ಅದು ಸಿಟ್ಟು. ಆಂಡರ್ಸನ್‌ರ ದನಿ ಒಡೆಯದೆ ಗಂಟೆಯಂತೆ ಮೊಳಗುತ್ತದೆ, ಅದು ಎಚ್ಚರಿಕೆ. ಪ್ರಡೋನ್‌ರದು ಒರಟು ದನಿ, ಬೇಡಿಕೆ ಬೆರೆತದ್ದು. ಮಿಂಚಿನ್ ಅದನ್ನು ಮಾತಿಗೆ ಹತ್ತಿರ ತರುತ್ತಾರೆ, ವಾದಕ್ಕೆ ನಿಂತವನ ಹಾಗೆ. ಡಿಕ್ಸನ್‌ರಲ್ಲಿ ಗಾಸ್ಪೆಲ್ ಮತ್ತು ಸೋಲ್ ಸಂಗೀತದ ನುಣುಪಿದೆ. ಸ್ವರ ಬಳುಕುತ್ತದೆ, ನೋವು ಅಲಂಕಾರದೊಳಗೆ ಕೂರುತ್ತದೆ.

ಎರಡು, ‘ಎವೆರಿಥಿಂಗ್ಸ್ ಆಲ್‌ರೈಟ್’ನಲ್ಲಿ ಯೂದ ಅಡ್ಡಬರುವ ಜಾಗ. ಹಾಡು ಐದು ಎಣಿಕೆಯದು. ಖಂಡ ಚಾಪು ಹಾಕಿಕೊಂಡು ಕೂತರೆ ಕೈ ತಪ್ಪುವುದಿಲ್ಲ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಆ ಐದರ ಮೇಲೆ ಜೋಗುಳದಂತೆ ತೇಲುತ್ತಿರುವಾಗ, ಯೇಸುವಿಗೆ ಹಚ್ಚುವ ಪರಿಮಳದ ಎಣ್ಣೆಗೆ ಸುರಿದ ಹಣ ಬಡವರಿಗೆ ಹೋಗಬಹುದಿತ್ತಲ್ಲ ಎಂದು ಯೂದ ನುಗ್ಗುತ್ತಾನೆ. ಅವನು ಎಣಿಕೆಗೆ ಸರಿಯಾಗಿ ಎತ್ತುತ್ತಾನೋ, ಕೂದಲೆಳೆಯಷ್ಟು ಮುಂಚೆ ನುಗ್ಗುತ್ತಾನೋ ಗಮನಿಸಿ. ಮುಂಚೆ ನುಗ್ಗಿದರೆ ಅಸಹನೆ, ಎಣಿಕೆಯ ಬೆನ್ನಿಗೆ ಒರಗಿ ಎತ್ತಿದರೆ ತಿರಸ್ಕಾರ.

ಮೂರು, ‘ಡ್ಯಾಮ್ಡ್ ಫಾರ್ ಆಲ್ ಟೈಮ್’ ಮತ್ತು ‘ಬ್ಲಡ್ ಮನಿ’. ಆಲ್ಬಮಿನಲ್ಲಿ ಇವೆರಡೂ ಒಂದೇ ಟ್ರ್ಯಾಕ್. ತಾನು ಕೂಲಿಗಾಗಿ ಬಂದಿಲ್ಲ ಎಂದು ಯೂದ ಓಡುವ ಲಯದಲ್ಲಿ ಹೇಳುತ್ತಾನೆ, ಪುರೋಹಿತರು ಹಣ ಮುಂದಿಡುತ್ತಾರೆ. ಕೊನೆಯಲ್ಲಿ ಎಲ್ಲ ವಾದ್ಯಗಳೂ ತಗ್ಗಿದಾಗ ಗುರುವಾರ ರಾತ್ರಿ, ಗೆತ್ಸೆಮನೆ ತೋಟ ಎಂದು ಯೇಸು ಸಿಗುವ ಜಾಗ ತಿಳಿಸುತ್ತಾನೆ. ಇಡೀ ಪಾತ್ರದಲ್ಲಿ ಇದಕ್ಕಿಂತ ಮುಖ್ಯವಾದ ಸಾಲಿಲ್ಲ. ಎತ್ತರದ ಸ್ವರಗಳಿಗೆ ಕಾಯುವ ಕಿವಿ ಇದನ್ನು ದಾಟಿ ಹೋಗಿಬಿಡುತ್ತದೆ. ಐದೂ ಆವೃತ್ತಿಗಳಲ್ಲಿ ಈ ಸಾಲನ್ನು ಮೂರು ಮೂರು ಸಲ ಕೇಳಿ ಇಷ್ಟನ್ನು ಬರೆದುಕೊಳ್ಳಿ: ಸಾಲಿನ ನಡುವೆ ಉಸಿರು ಎಲ್ಲಿ ಒಡೆಯಿತು, ಸ್ಥಳದ ಹೆಸರಿಗೆ ಒತ್ತು ಬಿತ್ತೇ ಅಥವಾ ಹೆಸರು ನುಂಗಿಹೋಯಿತೇ, ಕೊನೆಯ ಸ್ವರ ಹಿಡಿದರೋ ಬಿಟ್ಟರೋ. ಹೆಸರನ್ನು ಸ್ಪಷ್ಟವಾಗಿ ಹೇಳುವ ಯೂದ ತೀರ್ಮಾನ ಮಾಡಿ ಬಂದವನು. ನುಂಗುವವನು ಆ ಕ್ಷಣದಲ್ಲೇ ಮುರಿಯುತ್ತಿರುವವನು.

ನಾಲ್ಕು, ಯೂದನ ಸಾವು. ಇಲ್ಲಿ ಮರಿಯಳ ‘ಐ ಡೋಂಟ್ ನೋ ಹೌ ಟು ಲವ್ ಹಿಮ್’ ಹಾಡಿನ ಧಾಟಿ ಯೂದನ ಬಾಯಿಗೆ ಬರುತ್ತದೆ. ಪ್ರೀತಿಸುವುದು ಹೇಗೆಂದು ತಿಳಿಯದ ಎರಡು ಜೀವಗಳಿಗೆ ಒಂದೇ ಧಾಟಿ. ಆದ್ದರಿಂದ ಮೊದಲು ಅದೇ ಆವೃತ್ತಿಯ ಮರಿಯಳ ಹಾಡು ಕೇಳಿ, ಕೂಡಲೇ ಸಾವಿನ ದೃಶ್ಯಕ್ಕೆ ಬನ್ನಿ. ನಟ ಅವಳ ಮೃದುತ್ವವನ್ನು ನೆನಪಿಟ್ಟು ಹಾಡುತ್ತಾನೋ, ಧಾಟಿಯನ್ನು ಹರಿದುಹಾಕುತ್ತಾನೋ? ಆಂಡರ್ಸನ್ ಧಾಟಿಯನ್ನು ಕಾಪಾಡುತ್ತಾರೆ, ಅದಕ್ಕೇ ಆಮೇಲಿನ ಕಿರುಚಾಟ ಎದೆಗೆ ಬಡಿಯುತ್ತದೆ. ಪ್ರಡೋನ್‌ರಲ್ಲಿ ಅಳು ಹಾಡಿನೊಳಗೇ ನುಗ್ಗುತ್ತದೆ. ಸ್ವರ ಕೆಡುತ್ತದೆ, ಪಾತ್ರ ಕೆಡುವುದಿಲ್ಲ. ಸ್ವರಶುದ್ಧಿಯ ಅಳತೆಗೋಲು ಮಾತ್ರ ಹಿಡಿದವರು ಅವರನ್ನು ಇಲ್ಲೇ ತಪ್ಪು ತಿಳಿಯುವುದು.

ಕೂರುವ ಮೊದಲು

ದನಿಯ ಮಟ್ಟ ಸಮ ಮಾಡಿ. ಒಂದೆರಡು ಡೆಸಿಬೆಲ್ ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಕೇಳುಗನಿಗೆ ಅದು ಗೊತ್ತೂ ಆಗುವುದಿಲ್ಲ. ಹೊಸ ರೀಮಾಸ್ಟರ್‌ಗಳು ಹಳೆಯ ತಟ್ಟೆಗಿಂತ ಜೋರಾಗಿರುವುದು ಸಾಮಾನ್ಯ. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿ, ಅದೇ ಜಾಗದಲ್ಲಿ ಇಟ್ಟು, ಹಾಡಿನ ಅದೇ ಸಾಲಿನಲ್ಲಿ ಅಳತೆ ನೋಡಿ ಸರಿಹೊಂದಿಸಿ.

ಆಮೇಲೆ ಶ್ರುತಿ. ‘ಹೆವೆನ್’ ಮೂಲದಲ್ಲಿ ಡಿ ಮೈನರ್. ಹಾರ್ಮೋನಿಯಮ್ಮಿನಲ್ಲಿ ಬಿಳಿ ಎರಡು ಒತ್ತಿ ಹಿಡಿದು, ಗಿಟಾರಿನ ಮೊದಲ ಪಲುಕಿನ ಜೊತೆ ಕೂಡುತ್ತದೆಯೇ ನೋಡಿ. ಕೂಡದಿದ್ದರೆ ಎರಡು ಕಾರಣ ಇರಬಹುದು. ಒಂದು, ಗಾಯಕನ ಅನುಕೂಲಕ್ಕೆ ಶ್ರುತಿ ಬದಲಿಸಿರಬಹುದು. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟಿನದು. ನಮ್ಮ ದೇಶದಂಥ ಕಡೆ ಬಳಕೆಯ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗಳಲ್ಲಿ ಅದನ್ನು 25ಕ್ಕೆ ಓಡಿಸುವುದು ರೂಢಿ. ಆಗ ಎಲ್ಲವೂ ಶೇಕಡಾ 4ರಷ್ಟು ಬೇಗ ಸಾಗುತ್ತದೆ. ಶ್ರುತಿಯನ್ನು ಬೇರೆಯಾಗಿ ಸರಿಪಡಿಸಿರದಿದ್ದರೆ ಅದೂ ಮುಕ್ಕಾಲು ಸ್ವರಸ್ಥಾನದಷ್ಟು ಮೇಲೇರುತ್ತದೆ. ಅಂಥ ಡಿವಿಡಿ ನೋಡಿ ‘ಆಂಡರ್ಸನ್ ಅವಸರದವರು, ದನಿ ತೆಳು’ ಎಂದರೆ ಆ ದೋಷ ಅವರದಲ್ಲ. ಪ್ಲೇಯರ್‌ನ ವೇಗವನ್ನು 0.96ಕ್ಕೆ ಇಳಿಸಿ. ವೇಗ ಬದಲಾದರೂ ಶ್ರುತಿ ಹಾಗೇ ಉಳಿಸುವ ಸೌಲಭ್ಯ ಚಾಲೂ ಇದ್ದರೆ ಅದನ್ನು ನಿಲ್ಲಿಸಿ.

ಲಯ ಅಳೆಯಲು ಯಂತ್ರ ಬೇಡ. 15 ಸೆಕೆಂಡಿನಲ್ಲಿ ಬೀಳುವ ತಟ್ಟುಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿ. ಅದೇ ಹಾಡಿನ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅಳೆಯಿರಿ. ನೇರಪ್ರದರ್ಶನಗಳಲ್ಲಿ ಲಯ ಏರುವುದುಂಟು. ಏರಿದ್ದು ವಾದ್ಯಮೇಳದಿಂದಲೋ ಗಾಯಕನಿಂದಲೋ ಎಂದು ಡ್ರಮ್ಮಿನ ಮೇಲೆ ಕಿವಿಯಿಟ್ಟರೆ ತಿಳಿಯುತ್ತದೆ.

ಮೂರು ಸುತ್ತು

ಮೊದಲ ಸುತ್ತು ಕಣ್ಣು ಮುಚ್ಚಿ, ಕಿವಿಗೆ ಮಾತ್ರ. ಆಲ್ಬಮಿಗೆ ಚಿತ್ರವೇ ಇಲ್ಲವಾದ್ದರಿಂದ ಹೆಡ್ ಮತ್ತು ಉಳಿದ ನಾಲ್ವರು ಸಮನಾದ ನೆಲದಲ್ಲಿ ನಿಲ್ಲುವುದು ಈ ಸುತ್ತಿನಲ್ಲಿ ಮಾತ್ರ. ಎರಡನೆಯ ಸುತ್ತು ದನಿ ಆರಿಸಿ, ಕಣ್ಣಿಗೆ ಮಾತ್ರ. ಯೂದ ಯೇಸುವಿನಿಂದ ಎಷ್ಟು ದೂರ ನಿಲ್ಲುತ್ತಾನೆ, ಯಾರು ಮೊದಲು ಕಣ್ಣು ತಪ್ಪಿಸುತ್ತಾರೆ, ಕೈ ಯಾವಾಗ ಮೇಲೇಳುತ್ತದೆ ಎಂಬುದನ್ನು ಹೊತ್ತಿನ ಸಮೇತ ಬರೆದುಕೊಳ್ಳಿ. ಮೂರನೆಯ ಸುತ್ತು ಎರಡೂ ಸೇರಿಸಿ. ದನಿ ಒಂದು ಹೇಳಿ ಮೈ ಇನ್ನೊಂದು ಹೇಳಿದ ಜಾಗಗಳಿಗೆ ಗೆರೆ ಎಳೆಯಿರಿ. ನಟನೆಯ ಸೊಗಸು ಹೆಚ್ಚಾಗಿ ಆ ಗೆರೆಗಳ ಕೆಳಗೇ ಇರುತ್ತದೆ.

ಟಿಪ್ಪಣಿಯಲ್ಲಿ ‘ಭಾವಪೂರ್ಣ’, ‘ಅದ್ಭುತ’ ಬರೆಯಬೇಡಿ. ‘2:10, ಹೆಸರು ಕೂಗಿದ ಮೇಲೆ ಅರ್ಧ ಎಣಿಕೆ ಮೌನ’ ಎಂದು ಬರೆದರೆ ತಿಂಗಳ ನಂತರವೂ ಉಪಯೋಗಕ್ಕೆ ಬರುತ್ತದೆ.

ಯಾರ ಲೆಕ್ಕಕ್ಕೆ ಏನು

ಹೋಲಿಕೆ ಹೆಚ್ಚಾಗಿ ಕೆಡುವುದು ಇಲ್ಲಿ. ಸಿನಿಮಾದಲ್ಲಿ ಯೂದನನ್ನು ಮರುಭೂಮಿಯಲ್ಲಿ ಟ್ಯಾಂಕುಗಳು ಅಟ್ಟಿಕೊಂಡು ಬರುತ್ತವೆ. ಆ ನಡುಕ ಜ್ಯೂಯಿಸನ್‌ರ ಕೆಲಸ. ಅದರೊಳಗೆ ಓಡುವಾಗಲೂ ಭಯಕ್ಕಿಂತ ಅವಮಾನ ಹೆಚ್ಚು ಕಾಣುವ ಮುಖ ಆಂಡರ್ಸನ್‌ರದು. ಇವೆರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಇನ್ನೊಂದು ವಿಷಯ: ಸಿನಿಮಾದ ಹಾಡುಗಳನ್ನು ಚಿತ್ರೀಕರಣಕ್ಕೆ ಮೊದಲೇ ಸ್ಟುಡಿಯೋದಲ್ಲಿ ಮುದ್ರಿಸಿ, ಬಿಸಿಲಿನಲ್ಲಿ ತುಟಿ ಕೂಡಿಸಲಾಗಿದೆ. ಅಲ್ಲಿ ಓಡುತ್ತಾ ಹಾಡಿದರೂ ಏದುಸಿರು ಕೇಳಿಸುವುದಿಲ್ಲ. 2012 ಮತ್ತು 2018ರಲ್ಲಿ ಕೇಳಿಸುತ್ತದೆ. ಅದನ್ನು ದೌರ್ಬಲ್ಯ ಎಂದು ಎಣಿಸಬೇಡಿ, ಮುದ್ರಿತ ಹಾಡಿನ ನಿರಾಳತೆಯನ್ನು ಸಾಮರ್ಥ್ಯ ಎಂದೂ ಎಣಿಸಬೇಡಿ. ನೇರಪ್ರದರ್ಶನದ ಡಿವಿಡಿಗಳಲ್ಲಿ ಸ್ವರ ತಿದ್ದುವ ತಂತ್ರಾಂಶ ಬಳಸುವುದೂ ಇದೆ. ಜಾರುಸ್ವರಗಳು ಮೆಟ್ಟಿಲಿನಂತೆ ಒಡೆದು ಕೇಳಿದರೆ ಅದರ ಸುಳಿವು. ಅಂಥ ಕಡೆ ಸ್ವರಶುದ್ಧಿಯ ಅಂಕಣ ಖಾಲಿ ಬಿಡಿ.

ಜಾಗದ ಅಳತೆಯೂ ನಟನನ್ನು ರೂಪಿಸುತ್ತದೆ. ಅರೀನಾದ ಕೊನೆಯ ಸಾಲಿಗೆ ಮುಟ್ಟಲು ಮಿಂಚಿನ್‌ರ ಕೈಕಾಲು ದೊಡ್ಡದಾಗಿ ಆಡಬೇಕು, ಅದೇ ಹೊತ್ತಿಗೆ ದೈತ್ಯ ಪರದೆಯ ಮೇಲೆ ಅವರ ಕಣ್ಣು ಹತ್ತಿರದಿಂದ ಕಾಣುತ್ತದೆ. ಎರಡಕ್ಕೂ ಒಟ್ಟಿಗೆ ಉತ್ತರ ಕೊಡುವುದು ಕಷ್ಟದ ಕೆಲಸ. ಡಿಕ್ಸನ್‌ರ ಮುಂದೆ ಪ್ರತಿ ಏರುಸ್ವರಕ್ಕೂ ಕೂಗುವ ಪ್ರೇಕ್ಷಕರಿದ್ದರು. ಎದುರಿಗಿದ್ದ ಲೆಜೆಂಡ್‌ರದು ಮಿದುವಾದ ದನಿ. ಹೀಗಾಗಿ ಅಲ್ಲಿ ಕಿಚ್ಚೆಲ್ಲ ಯೂದನ ಪಾಲಿಗೆ ಬಂತು. ಆಲ್ಬಮಿನಲ್ಲಿ ಗಿಲನ್‌ರ ಎದುರು ಹೆಡ್ ಅಷ್ಟೇ ಬಿಸಿಯಾಗಿ ನಿಲ್ಲಬೇಕಿತ್ತು. ಕಡೆಯ ಭೋಜನದ ಜಗಳವನ್ನು ಕೇಳುವಾಗ ಯೂದನೊಬ್ಬನನ್ನೇ ಹಿಡಿಯದೆ ಜೋಡಿಯನ್ನು ಹಿಡಿಯಿರಿ.

ಇನ್ನೊಂದು ತೊಡಕು, ಮೊದಲು ಕೇಳಿದ್ದೇ ಮೂಲ ಎನ್ನಿಸುವುದು. ಸಿನಿಮಾ ನೋಡಿ ಬೆಳೆದವರಿಗೆ ಹೆಡ್ ಅರೆಬೆಂದಂತೆ, ಆಲ್ಬಮ್ ಕೇಳಿ ಬೆಳೆದವರಿಗೆ ಆಂಡರ್ಸನ್ ಅತಿ ನಯವಾಗಿ ಕೇಳುತ್ತಾರೆ. ಇದಕ್ಕೆ ಮದ್ದು ಕ್ರಮ ಬದಲಿಸುವುದು. ವಾರ ಬಿಟ್ಟು ಅದೇ ನಾಲ್ಕು ಜಾಗಗಳನ್ನು ಹಿಂದುಮುಂದಾಗಿ, 2018ರಿಂದ 1970ರ ಕಡೆಗೆ ಕೇಳಿ, ಹಳೆಯ ಟಿಪ್ಪಣಿ ತೆರೆಯದೆ ಹೊಸದಾಗಿ ಬರೆಯಿರಿ. ಎರಡರಲ್ಲೂ ಉಳಿದದ್ದನ್ನು ನಂಬಿ. ಒಂದರಲ್ಲಿ ಮಾತ್ರ ಇರುವುದನ್ನು ಹೊಡೆದುಹಾಕಿ.

‘ಸೂಪರ್‌ಸ್ಟಾರ್’ ಹಾಡನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಸತ್ತ ಯೂದ ಮರಳಿ ಬಂದು, ಎಲ್ಲರಿಗೂ ಒಮ್ಮೆಗೇ ಸುದ್ದಿ ಮುಟ್ಟಿಸಲಾಗದ ಅಷ್ಟು ಹಿಂದಿನ ಕಾಲವನ್ನೇ ಏಕೆ ಆರಿಸಿಕೊಂಡೆ ಎಂದು ಯೇಸುವನ್ನು ಕೇಳುತ್ತಾನೆ, ಬುದ್ಧನ ಬಗ್ಗೆ, ಮುಹಮ್ಮದರ ಬಗ್ಗೆ ಕೇಳುತ್ತಾನೆ. ಬೆಳಕು, ಕುಣಿತ, ಮಿನುಗುವ ಉಡುಪುಗಳ ನಡುವೆ ಅದು ಅಣಕದಂತೆ ಕೇಳುವುದು ಸುಲಭ. ಆದರೆ ತಪ್ಪು ತಿಳಿಯಬೇಡ, ತಿಳಿದುಕೊಳ್ಳಬೇಕೆಂದಷ್ಟೇ ಕೇಳುತ್ತಿದ್ದೇನೆ ಎಂಬ ಮಾತೂ ಅದೇ ಹಾಡಿನಲ್ಲಿದೆ. ಐವರಲ್ಲಿ ಯಾರ ಬಾಯಲ್ಲಿ ಆ ಮಾತು ನಿಜವೆನ್ನಿಸುತ್ತದೆ ಎಂದು ಗುರುತು ಮಾಡಿ, ಕೂಡಲೇ ಅದೇ ನಟನ ಗೆತ್ಸೆಮನೆಯ ಸಾಲಿಗೆ ಇನ್ನೊಮ್ಮೆ ಮರಳಿ.