ಗೂಗಲ್ ದಂಡ ಬಿದ್ದಿದೆಯೇ? ಕೆಟ್ಟ ಲಿಂಕ್‌ಗಳಿಂದ ಬಿಡಿಸಿಕೊಳ್ಳುವುದು ಹೀಗೆ

‘ಸಾವಿರ ಬ್ಯಾಕ್‌ಲಿಂಕ್ ಹಾಕಿಸಿ ಕೊಡ್ತೀವಿ, ಮೊದಲ ಪುಟ ಗ್ಯಾರಂಟಿ’ ಎಂಬ ಮಾತು ನಂಬಿ ದುಡ್ಡು ಕೊಟ್ಟವರು ಊರೂರಲ್ಲೂ ಇದ್ದಾರೆ. ಬ್ಯಾಕ್‌ಲಿಂಕ್ ಅಂದರೆ ಬೇರೆ ಸೈಟಿನಿಂದ ನಿಮ್ಮ ಸೈಟಿಗೆ ಬರುವ ಲಿಂಕ್; ಗೂಗಲ್ ಅದನ್ನು ಒಂದು ಶಿಫಾರಸಿನಂತೆ ನೋಡುತ್ತದೆ. ಕೆಲವು ತಿಂಗಳು ಸೈಟು ಮೇಲೇರುತ್ತದೆ. ಆಮೇಲೆ ಒಂದು ದಿನ ಅಂಗಡಿಯ ಹೆಸರು ಹಾಕಿ ಹುಡುಕಿದರೂ ಸಿಗುವುದಿಲ್ಲ.

ಗಾಬರಿಯಾಗಿ ಏನೇನೋ ಅಳಿಸಲು ಹೋಗಬೇಡಿ. ನಿಜಕ್ಕೂ ದಂಡ, ಅಂದರೆ ಸೈಟನ್ನು ಹುಡುಕಾಟದಲ್ಲಿ ಕೆಳಗೆ ತಳ್ಳುವ ಶಿಕ್ಷೆ, ಬಿದ್ದಿದೆಯೇ ಅಂತ ಮೊದಲು ನೋಡಿ. ಸೈಟಿನ ಮಾಲೀಕರಿಗೆಂದು ಗೂಗಲ್ ಕೊಡುವ ಉಚಿತ ಸಾಧನ ‘ಸರ್ಚ್ ಕನ್ಸೋಲ್’ ತೆರೆದು ‘ಮ್ಯಾನ್ಯುಯಲ್ ಆ್ಯಕ್ಷನ್ಸ್’ ಪುಟಕ್ಕೆ ಹೋಗಿ. ನಿಮ್ಮ ಸೈಟಿಗೆ ಅಸಹಜ ಲಿಂಕ್‌ಗಳಿವೆ ಎಂಬ ನೋಟಿಸ್ ಅಲ್ಲಿದ್ದರೆ, ಗೂಗಲ್ ಸಿಬ್ಬಂದಿಯೇ ನೋಡಿ ಹಾಕಿದ ದಂಡ ಅದು. ನೋಟಿಸ್ ಇಲ್ಲವೇ? ಹಾಗಾದರೆ ಕತೆ ಬೇರೆ. 2012ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಹುಡುಕಾಟದಲ್ಲಿ ತಂದ ‘ಪೆಂಗ್ವಿನ್’ ಎಂಬ ಬದಲಾವಣೆ ಕೆಟ್ಟ ಲಿಂಕ್ ಇದ್ದ ಸೈಟುಗಳನ್ನೇ ಕೆಳಗೆ ತಳ್ಳುತ್ತಿತ್ತು. 2016ರ ಸೆಪ್ಟೆಂಬರ್‌ನಿಂದ ಅದು ಅಂಥ ಲಿಂಕ್‌ಗಳನ್ನು ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ಸೈಟು ಜಾರಿದ್ದು ಸುಳ್ಳು ಬಲ ಹೋದದ್ದರಿಂದ ಇರಬಹುದು, ಬೇರೆ ಕಾರಣಕ್ಕೂ ಇರಬಹುದು. ಅದಕ್ಕೆ ಮುಂದಿನ ಔಷಧಿ ಸಾಮಾನ್ಯವಾಗಿ ಬೇಕಿಲ್ಲ.

ನೋಟಿಸ್ ಬಂದವರು ಲಿಂಕ್‌ಗಳ ಪಟ್ಟಿ ಮಾಡಬೇಕು. ಸರ್ಚ್ ಕನ್ಸೋಲ್‌ನ ‘ಲಿಂಕ್ಸ್’ ಪುಟದಿಂದಲೇ ಡೌನ್‌ಲೋಡ್ ಆಗುತ್ತದೆ. ಜೊತೆಗೆ ಕೆಲಸ ಮಾಡಿಕೊಟ್ಟ ಎಸ್‌ಇಒ (ಸೈಟನ್ನು ಹುಡುಕಾಟದಲ್ಲಿ ಮೇಲೆ ತರುವ ಕೆಲಸ) ಏಜೆನ್ಸಿಯನ್ನು ಕೇಳಿ. ಎಲ್ಲೆಲ್ಲಿ ಲಿಂಕ್ ಹಾಕಿದರೆಂಬ ಎಕ್ಸೆಲ್ ಶೀಟು ಅವರ ಹತ್ತಿರ ಇರುವ ಸಾಧ್ಯತೆ ಜಾಸ್ತಿ. ಈಗ ಸಾಲು ಸಾಲಾಗಿ ನೋಡಿ. ನಿಮ್ಮದು ಮಡಿಕೇರಿಯ ಹೋಂಸ್ಟೇ ಅಂತಿಟ್ಟುಕೊಳ್ಳಿ. ಗೊತ್ತುಗುರಿಯಿಲ್ಲದ ಇಪ್ಪತ್ತು ಸೈಟುಗಳು ‘ಮಡಿಕೇರಿ ಅಗ್ಗದ ಹೋಂಸ್ಟೇ’ ಎಂಬ ಅದೇ ಪದಗಳಿಂದ ಲಿಂಕ್ ಕೊಟ್ಟಿದ್ದರೆ ಅದು ಕೊಂಡದ್ದೇ. ಕ್ಯಾಸಿನೊ ಸೈಟು, ಸುಮ್ನೆ ಲಿಂಕ್ ತುಂಬಿಸಿದ ಡೈರೆಕ್ಟರಿ, ಪ್ರತಿ ಪುಟದ ಅಡಿಯಲ್ಲೂ ಕಾಣುವ ಲಿಂಕ್ ಇವೂ ಅದೇ ಜಾತಿ. ಪತ್ರಿಕೆಯೊಂದು ನಿಮ್ಮ ಬಗ್ಗೆ ಬರೆದು ಕೊಟ್ಟ ಲಿಂಕನ್ನು ಮಾತ್ರ ಮುಟ್ಟಬೇಡಿ.

ಆ ಸೈಟಿನವರಿಗೆ ಮೇಲ್ ಮಾಡಿ, ಲಿಂಕ್ ತೆಗೆಯಲು ಕೇಳಿ. ತೆಗೆಯಲು ಆಗದಿದ್ದರೆ ಈ ಲಿಂಕನ್ನು ಶಿಫಾರಸೆಂದು ಎಣಿಸಬೇಡಿ ಎಂದು ಗೂಗಲ್‌ಗೆ ಹೇಳುವ ‘ನೋಫಾಲೋ’ ಗುರುತು ಹಾಕಿದರೂ ಸಾಕು. ಯಾರಿಗೆ, ಯಾವತ್ತು ಬರೆದಿರಿ, ಏನು ಉತ್ತರ ಬಂತು ಎಲ್ಲವನ್ನೂ ಬರೆದಿಡಿ. ತೆಗೆಯುವುದಕ್ಕೂ ದುಡ್ಡು ಕೇಳುವವರಿದ್ದಾರೆ! ಕೊಡಬೇಡಿ.

ಹೀಗೆ ಕೇಳಿದರೂ ತೆಗೆಯದೆ ಉಳಿದ ಲಿಂಕ್‌ಗಳಿಗಾಗಿ, ಅವನ್ನು ಲೆಕ್ಕಿಸಬೇಡಿ ಎಂದು ಗೂಗಲ್‌ಗೆ ಹೇಳುವ ‘ಡಿಸ್‌ಅವೋ’ ಎಂಬ ಸೌಲಭ್ಯ 2012ರ ಅಕ್ಟೋಬರ್‌ನಿಂದ ಇದೆ. ಸಾದಾ ಟೆಕ್ಸ್ಟ್ ಫೈಲಿನಲ್ಲಿ ಒಂದು ಸಾಲಿಗೆ ಒಂದು ಸೈಟು. ಇಂಗ್ಲಿಷಿನಲ್ಲಿ ‘ಡೊಮೇನ್’ ಎಂದು ಟೈಪಿಸಿ, ಕೋಲನ್ ಹಾಕಿ, ಜಾಗ ಬಿಡದೆ ಸೈಟಿನ ವಿಳಾಸ ಬರೆದರೆ ಆ ಇಡೀ ಸೈಟಿನ ಲಿಂಕ್‌ಗಳು ಲೆಕ್ಕದಿಂದ ಹೊರಗೆ. ಹೊಸ ಫೈಲ್ ಹಾಕಿದರೆ ಹಳೆಯದು ಹೋಗುತ್ತದೆ, ಹಾಗಾಗಿ ಪ್ರತಿ ಸಲ ಪೂರ್ತಿ ಪಟ್ಟಿಯೇ ಇರಲಿ. ಮೇಲ್ ಮಾಡುವ ತಾಪತ್ರಯ ಬೇಡವೆಂದು ನೇರ ಇಲ್ಲಿಗೇ ಬರುವವರು ಬಹಳ. ಲಿಂಕ್ ತೆಗೆಸುವ ಪ್ರಯತ್ನವನ್ನೂ ಗೂಗಲ್ ನೋಡುತ್ತದೆ, ಅಲ್ವಾ?

ಕೊನೆಗೆ, ದಂಡ ತೆಗೆಯಿರಿ ಎಂದು ಗೂಗಲ್‌ಗೆ ಮರುಪರಿಶೀಲನೆಯ ಮನವಿ. ಇದನ್ನು ಓದುವುದು ಮನುಷ್ಯರು. ಏನು ತಪ್ಪಾಯಿತು, ಏನು ಮಾಡಿದಿರಿ, ಫಲ ಏನು, ಇಷ್ಟನ್ನು ನೇರವಾಗಿ ಬರೆಯಿರಿ. ‘ನಮಗೇನೂ ಗೊತ್ತಿಲ್ಲ, ಏಜೆನ್ಸಿಯವರು ಮಾಡಿದ್ದು’ ಎಂದಷ್ಟೇ ಹೇಳಿ ಕೈ ತೊಳೆದುಕೊಂಡರೆ ಆಗದು. 2013ರ ಕ್ರಿಸ್‌ಮಸ್ ದಿನ ಅಮೆರಿಕದ ರ‍್ಯಾಪ್ ಜೀನಿಯಸ್ ಎಂಬ ಹಾಡಿನ ಸಾಹಿತ್ಯದ ಸೈಟಿಗೆ ಇದೇ ಗತಿಯಾಗಿತ್ತು. ಬ್ಲಾಗಿಗರಿಗೆ ಪ್ರಚಾರದ ಆಸೆ ತೋರಿಸಿ ಲಿಂಕ್ ಹಾಕಿಸಿಕೊಂಡದ್ದು ಬಯಲಾಗಿತ್ತು. ತಪ್ಪನ್ನು ಬಹಿರಂಗವಾಗಿ ಒಪ್ಪಿ, ಲಿಂಕ್‌ಗಳನ್ನು ತೆಗೆಸಿ, ಸುಮಾರು 10 ದಿನಕ್ಕೆ ವಾಪಸ್ ಬಂದರು. ಅಷ್ಟು ಬೇಗ ಆಗಲು ಅವರ ಬಳಿ ಎಂಜಿನಿಯರ್‌ಗಳಿದ್ದರು. ನಿಮಗೆ ಉತ್ತರ ಬರಲು ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ಇನ್ನೊಂದು ಮನವಿ ಕಳಿಸಬೇಡಿ.

ದಂಡ ತೆಗೆದ ಮೇಲೂ ಹಳೆಯ ಜಾಗ ಸಿಗಲಿಲ್ಲವೆಂದು ಏಜೆನ್ಸಿ ಬದಲಿಸಲು ಓಡಬೇಡಿ. ಆ ಜಾಗವನ್ನು ಎತ್ತಿಹಿಡಿದಿದ್ದೇ ಈಗ ತೆಗೆಸಿದ ಲಿಂಕ್‌ಗಳು. ಅವು ಬರುವ ಮೊದಲು ಸೈಟಿಗೆ ಎಷ್ಟು ಜನ ಬರುತ್ತಿದ್ದರೋ, ಹೋಲಿಕೆಯನ್ನು ಆ ಸಂಖ್ಯೆಯ ಜೊತೆ ಮಾಡಿ.