ಒಂದೇ ಹೆಸರು, ಎರಡು ಸಾಫ್ಟ್‌ವೇರ್: ಸರ್ವರ್‌ನಲ್ಲಿ ನನ್ನ ಅನುಭವ

ನನ್ನ ಊರು ಮಂಡ್ಯದ ಕಡೆ, ಗದ್ದೆ ಬದುವಿನ ಮೇಲೆ ಓಡಾಡಿ ಬೆಳೆದವಳು. ಈಗ ಮೈಸೂರಿನಲ್ಲಿ ಕೂತು ಅದೇ ಭತ್ತದ ಡಿಎನ್‌ಎ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಭತ್ತಕ್ಕೆ 12 ಕ್ರೋಮೋಸೋಮ್, ಒಟ್ಟು ಸುಮಾರು 39 ಕೋಟಿ ಅಕ್ಷರ. ಒಂದೊಂದು ತಳಿಯನ್ನೂ ಹತ್ತಾರು ಸಲ ಓದಿಸಿರುತ್ತಾರೆ, ಆ ಫೈಲ್‌ಗಳನ್ನೆಲ್ಲ ಲ್ಯಾಪ್‌ಟಾಪ್ ತಡೆಯುವುದಿಲ್ಲ. ಹಾಗಾಗಿ ಎಲ್ಲರೂ ಹಂಚಿಕೊಂಡು ಬಳಸುವ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮಾಡುತ್ತೇವೆ.

ಮೊದಲ ವಾರವೇ ಸಿಕ್ಕಿಹಾಕಿಕೊಂಡೆ. ಡಿಎನ್‌ಎ ಫೈಲ್‌ಗಳನ್ನು ನಿಭಾಯಿಸುವ ಸ್ಯಾಮ್‌ಟೂಲ್ಸ್ ಅನ್ನುವ ಸಾಫ್ಟ್‌ವೇರ್ ಬಳಸಿ ಒಂದು ಫೈಲನ್ನು ಸಾರ್ಟ್ ಮಾಡಬೇಕಿತ್ತು, ಅಂದರೆ ಕ್ರಮವಾಗಿ ಜೋಡಿಸಬೇಕಿತ್ತು. ಕಮಾಂಡ್‌ಗಳನ್ನು ಸ್ಕ್ರಿಪ್ಟ್ ಅನ್ನುವ ಫೈಲಿನಲ್ಲಿ ಬರೆದಿಟ್ಟಿದ್ದೆ, ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿದ್ದ ಸ್ಕ್ರಿಪ್ಟ್ ಅದು. ಸರ್ವರ್‌ನಲ್ಲಿ ಮಾತ್ರ ಫೈಲ್ ತೆರೆಯಲು ಆಗಲಿಲ್ಲ ಅಂತ ನಿಂತುಬಿಟ್ಟಿತು. ಯಾವ ಫೈಲ್ ಅಂತ ನೋಡಿದರೆ, ಅದೇ ಬರೆದು ಕೊಡಬೇಕಾದ ಔಟ್‌ಪುಟ್ ಫೈಲ್! ಇನ್ನೂ ಹುಟ್ಟದ ಫೈಲನ್ನು ತೆರೆಯಲು ಹೋಗಿತ್ತು. ಎರಡು ದಿನ ಹೆಸರು, ಪರ್ಮಿಷನ್, ಜಾಗ ಎಲ್ಲ ತಡಕಾಡಿದೆ.

ನಮ್ಮ ಲ್ಯಾಬಿನ ಸೀನಿಯರ್ ಅಕ್ಕ ಬಂದು, "ವಿಚ್ ಸ್ಯಾಮ್‌ಟೂಲ್ಸ್ ಅಂತ ಹೊಡಿ ನೋಡೋಣ" ಅಂದರು. ಆ ಹೆಸರು ಹೊಡೆದರೆ ಯಾವ ಡೈರೆಕ್ಟರಿಯಲ್ಲಿರುವ ಪ್ರತಿ ಓಡುತ್ತದೆ ಅಂತ ತೋರಿಸುವ ಕಮಾಂಡ್ ಈ ವಿಚ್. ಉತ್ತರ ಯುಎಸ್‌ಆರ್ ಬಿನ್ ಡೈರೆಕ್ಟರಿ ಅಂತ ಬಂತು, ಅಂದರೆ ಲಿನಕ್ಸ್ ಜೊತೆಗೇ ಹಾಕಿದ್ದ ಹಳೆಯ ಪ್ರತಿ. ವರ್ಷನ್ 0.1.19. ನನ್ನ ಸಾರ್ಟ್ ಕಮಾಂಡಿನಲ್ಲಿ ಮೈನಸ್ ಓ (-o) ಅನ್ನುವ ಆಯ್ಕೆ ಇತ್ತು. ಆ ಕಾಲದಲ್ಲಿ ಮೈನಸ್ ಓ ಅಂದರೆ ಫಲಿತಾಂಶವನ್ನು ನೇರ ಪರದೆಗೆ ಕಳಿಸು ಅಂತ ಅರ್ಥ. ಈಗಿನ ವರ್ಷನ್‌ಗಳಲ್ಲಿ ಅದರ ಮುಂದೆ ಔಟ್‌ಪುಟ್ ಫೈಲ್ ಹೆಸರು ಕೊಡಬೇಕು. ನಾನು ಹೊಸ ಭಾಷೆಯಲ್ಲಿ ಹೇಳಿದ್ದೆ, ಅದು ಹಳೆಯ ಭಾಷೆಯಲ್ಲಿ ಕೇಳಿಸಿಕೊಂಡು, ಔಟ್‌ಪುಟ್ ಹೆಸರನ್ನೇ ಓದಬೇಕಾದ ಫೈಲ್ ಅಂದುಕೊಂಡಿತ್ತು.

ಹಳೆಯದನ್ನು ಯಾಕೆ ತೆಗೆಯಲ್ಲ ಅಂತ ನನಗೂ ಅನ್ನಿಸಿತು. ಆದರೆ ಅದನ್ನೇ ನಂಬಿಕೊಂಡು ಕೆಲಸ ನಡೆಸುತ್ತಿರುವವರು ಬೇರೆ ಇದ್ದಾರಲ್ವಾ? ಅದಕ್ಕೇ ಅಡ್ಮಿನ್‌ಗಳು ಹೊಸ ವರ್ಷನ್‌ಗಳನ್ನು ಆಪ್ಟ್ ಅಥವಾ ಯುಎಸ್‌ಆರ್ ಲೋಕಲ್ ಡೈರೆಕ್ಟರಿಯಲ್ಲಿ ಬೇರೆ ಬೇರೆಯಾಗಿ ಇಡುತ್ತಾರೆ. ಬೇಕಾದ ವರ್ಷನ್ ಆರಿಸಿಕೊಳ್ಳಲು ಮಾಡ್ಯೂಲ್ ಅನ್ನುವ ಕಮಾಂಡ್ ಇದೆ. ಮಾಡ್ಯೂಲ್ ಅವೈಲ್ ಅಂತ ಹೊಡೆದರೆ ಪಟ್ಟಿ ಬರುತ್ತದೆ. ಮಾಡ್ಯೂಲ್ ಲೋಡ್ ಮಾಡಿದರೆ ಆ ಡೈರೆಕ್ಟರಿ ನಿಮ್ಮ ಪಾತ್ ಸಾಲಿನ, ಅಂದರೆ ಸಾಫ್ಟ್‌ವೇರ್ ಹುಡುಕಬೇಕಾದ ಡೈರೆಕ್ಟರಿಗಳ ಪಟ್ಟಿಯ, ಮುಂದಕ್ಕೆ ಬರುತ್ತದೆ, ಅಷ್ಟೇ. ನಾವು ಹೊಡೆದ ಕಮಾಂಡ್ ಓಡಿಸುವ ಶೆಲ್ ಆ ಸಾಲನ್ನು ಎಡದಿಂದ ಹುಡುಕುತ್ತಾ ಹೋಗಿ ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ.

ಲೋಡ್ ಮಾಡಿದೆ, ಸರ್ವರ್‌ನಲ್ಲಿ ಎಲ್ಲರ ಕೆಲಸಗಳನ್ನು ಸರದಿಯಲ್ಲಿ ಓಡಿಸುವ ಸ್ಲರ್ಮ್‌ಗೆ ಜಾಬ್ ಕೊಟ್ಟೆ, ಮುಗಿಯಿತು. ಮರುದಿನ ಲಾಗಿನ್ ಆಗಿ ಇನ್ನೊಂದು ತಳಿಗೆ ಅದೇ ಸ್ಕ್ರಿಪ್ಟ್ ಕೊಟ್ಟರೆ ಮತ್ತೆ ಅದೇ ತಪ್ಪು. ಹಿಂದಿನ ದಿನ ನಾನು ಲೋಡ್ ಮಾಡಿದ್ದು ಆ ಲಾಗಿನ್‌ಗೆ ಮಾತ್ರ. ಅಲ್ಲಿಂದ ಕೊಟ್ಟ ಜಾಬ್ ಅದನ್ನು ಜೊತೆಗೇ ಹೊತ್ತುಕೊಂಡು ಹೋಗಿತ್ತು, ಇವತ್ತು ಹೊರಲು ಏನೂ ಇರಲಿಲ್ಲ. ಈಗ ಸ್ಕ್ರಿಪ್ಟ್ ಒಳಗೇ ಮೊದಲು ಲೋಡ್ ಆಗಿರುವುದನ್ನೆಲ್ಲ ತೆಗೆಯುವ ಮಾಡ್ಯೂಲ್ ಪರ್ಜ್, ಆಮೇಲೆ ವರ್ಷನ್ ನಂಬರ್ ಸಮೇತ ಮಾಡ್ಯೂಲ್ ಲೋಡ್ ಬರೆಯುತ್ತೇನೆ. ನಂಬರ್ ಬಿಟ್ಟು ಬರೀ ಹೆಸರು ಬರೆದರೆ ಡೀಫಾಲ್ಟ್ ಬರುತ್ತದೆ, ಮತ್ತು ಆ ಡೀಫಾಲ್ಟ್ ಯಾವತ್ತು ಬೇಕಾದರೂ ಬದಲಾಗಬಹುದು.

ಪಟ್ಟಿಯಲ್ಲಿ ಇಲ್ಲದ ಸಣ್ಣ ಪುಟ್ಟ ಸಾಫ್ಟ್‌ವೇರ್ ನಾನೇ ಹಾಕಿಕೊಳ್ಳುತ್ತೇನೆ. ಅದಕ್ಕೆ ಸುಡೋ, ಅಂದರೆ ಅಡ್ಮಿನ್ ಅಧಿಕಾರ, ಬೇಕಿಲ್ಲ. ಸಾಫ್ಟ್‌ವೇರಿನ ಸೋರ್ಸ್ ಕೋಡ್ ಬಿಚ್ಚಿ, ಕಾನ್ಫಿಗರ್ ಮಾಡುವಾಗ ಪ್ರಿಫಿಕ್ಸ್ (ಎಲ್ಲಿ ಹಾಕಬೇಕು ಅನ್ನುವ) ಜಾಗದಲ್ಲಿ ನನ್ನ ಹೋಮ್ ಡೈರೆಕ್ಟರಿ ಕೊಡುತ್ತೇನೆ, ಆಮೇಲೆ ಕಟ್ಟಲು ಮೇಕ್, ಅಲ್ಲಿಗೆ ಹಾಕಲು ಮೇಕ್ ಇನ್‌ಸ್ಟಾಲ್. ದೊಡ್ಡದು, ಲ್ಯಾಬಿನ ನಾಲ್ಕು ಜನಕ್ಕೆ ಬೇಕಾದದ್ದು ಆದರೆ ಅಡ್ಮಿನ್ ಸರ್‌ಗೆ ಮೇಲ್ ಹಾಕುವುದೇ ಸರಿ. ಒಬ್ಬೊಬ್ಬರ ಹೋಮ್‌ನಲ್ಲೂ ಅದೇ ಪ್ರತಿ ಸುಮ್ನೆ ಯಾಕೆ?

ಸ್ಕ್ರಿಪ್ಟಿನಲ್ಲಿ ಇನ್ನೊಂದು ಸಾಲೂ ಸೇರಿಸಿದ್ದೇನೆ: ಕೆಲಸ ಶುರುವಾಗುವ ಮುಂಚೆ ವಿಚ್ ಮತ್ತು ವರ್ಷನ್ ಎರಡನ್ನೂ ಲಾಗ್ ಫೈಲಿಗೆ ಬರೆಯಲಿ ಅಂತ. ಮೊನ್ನೆ ನಮ್ಮ ಗೈಡ್ ಮೇಡಂ ಪ್ರಬಂಧದ ಕರಡು ಓದುತ್ತಾ, "ಯಾವ ವರ್ಷನ್ ಬಳಸಿದ್ದೀಯಮ್ಮ, ಅದನ್ನ ಬರೆದೇ ಇಲ್ಲವಲ್ಲ" ಅಂದರು. ಲಾಗ್ ತೆರೆದು, ಅವರ ಎದುರೇ ನೋಡಿ ಬರೆದುಕೊಂಡೆ.