ಪ್ಯಾಕೆಟ್ ಬರ್ತಿತ್ತು, ನಾನು ನೋಡ್ತಿದ್ದ ಬಾಗಿಲಿಗಲ್ಲ

ಲಿನಕ್ಸ್ ಕರ್ನಲ್‌ನ ಎಎಫ್-ಎಕ್ಸ್‌ಡಿಪಿ ಸಾಕೆಟ್ (4.18ರಿಂದ ಇದೆ; ಪ್ಯಾಕೆಟ್‌ಗಳನ್ನು ಕರ್ನಲ್‌ನ ಮಾಮೂಲಿ ದಾರಿ ತಪ್ಪಿಸಿ ನೇರ ನಮ್ಮ ಪ್ರೋಗ್ರಾಂಗೆ ಕೊಡುವ ಬಾಗಿಲು) ಪರೀಕ್ಷೆ ಮಾಡ್ತಾ ಎರಡು ದಿನ ತಲೆ ಕೆರೆದುಕೊಂಡೆ. ಇನ್ನೊಂದು ಮಷೀನಿಂದ ಯುಡಿಪಿ ಪ್ಯಾಕೆಟ್ ಕಳಿಸಿದರೆ ಕೆಲವು ಸಲ ಬರುತ್ತೆ, ಕಳಿಸುವ ಪೋರ್ಟ್ ಬದಲಾದರೆ ಸದ್ದೇ ಇಲ್ಲ. ಮಾಮೂಲಿ ದಾರಿಯಲ್ಲಿ ಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್‌ನಲ್ಲಿ ಮಾತ್ರ ಅದೇ ಪ್ಯಾಕೆಟ್ ರಾಜಾರೋಷವಾಗಿ ಕಾಣುತ್ತೆ!

ಸುಳಿವು ಅಲ್ಲೇ ಇತ್ತು. ಈ ಸಾಕೆಟ್ ನೆಟ್‌ವರ್ಕ್ ಕಾರ್ಡಿನ ಒಂದೇ ಕ್ಯೂಗೆ (ಪ್ಯಾಕೆಟ್‌ಗಳ ಸಾಲಿಗೆ) ಅಂಟಿಕೊಳ್ಳುತ್ತೆ, ನನ್ನದು 0ಗೆ. ಕಾರ್ಡು ಐಪಿ, ಪೋರ್ಟ್ ನೋಡಿ ಹ್ಯಾಶ್ ಮಾಡಿ (ಅವುಗಳಿಂದ ಒಂದು ಸಂಖ್ಯೆ ಲೆಕ್ಕ ಹಾಕಿ) ಪ್ಯಾಕೆಟ್‌ಗಳನ್ನು ಬೇರೆ ಬೇರೆ ಕ್ಯೂಗೆ ಹಂಚುತ್ತೆ. ಸಾಕೆಟ್ ಇಲ್ಲದ ಕ್ಯೂಗೆ ಬಿದ್ದದ್ದನ್ನು ಎಕ್ಸ್‌ಡಿಪಿ ಪ್ರೋಗ್ರಾಂ (ಬಂದ ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಅಂತ ನಿರ್ಧರಿಸುವ ಪುಟ್ಟ ಕೋಡ್) ಕರ್ನಲ್‌ನ ಮಾಮೂಲಿ ದಾರಿಗೆ ಬಿಟ್ಟುಬಿಡ್ತಿತ್ತು. ಕಾರ್ಡಿನ ಸ್ಥಿತಿ ನೋಡುವ, ಬದಲಿಸುವ ಎಥ್‌ಟೂಲ್‌ನಲ್ಲಿ ಕ್ಯೂಗಳ ಲೆಕ್ಕ ತೆಗೆದಾಗ 3ನೇದು ಏರುತ್ತಿತ್ತು, 0 ಅಲ್ಲಾಡಿರಲಿಲ್ಲ. ಎಥ್‌ಟೂಲ್‌ನಲ್ಲೇ ಕಂಬೈನ್ಡ್ ಚಾನೆಲ್‌ಗಳನ್ನು, ಅಂದರೆ ಕ್ಯೂಗಳನ್ನು, 1ಕ್ಕೆ ಇಳಿಸಿದೆ, ಎಲ್ಲಾ ಬಂತು. ಪರೀಕ್ಷೆಗೆ ಇಷ್ಟು ಸಾಕು. ನಿಜವಾದ ಕೆಲಸಕ್ಕೆ ಕ್ಯೂಗೊಂದು ಸಾಕೆಟ್ ಬೇಕು.

ಖುಷಿ ಎಷ್ಟು ಹೊತ್ತು? ಸರಿಯಾಗಿ 2048 ಪ್ಯಾಕೆಟ್‌ಗೆ ನಿಂತಿತು. ಅಷ್ಟು ದುಂಡನೆಯ (ಎರಡರ ಘಾತದ) ಸಂಖ್ಯೆ ಕಂಡರೆ ತಪ್ಪು ನಮ್ಮದೇ ಅಂತ ಲೆಕ್ಕ. ಪ್ಯಾಕೆಟ್ ತುಂಬಲು ಖಾಲಿ ಫ್ರೇಮ್‌ಗಳನ್ನು (ಮೆಮೊರಿ ತುಂಡುಗಳನ್ನು) ಕರ್ನಲ್‌ಗೆ ಕೊಡುವ ಫಿಲ್ ರಿಂಗ್‌ಗೆ ಮೊದಲು 2048 ಫ್ರೇಮ್ ಹಾಕಿದ್ದೆ, ಓದಿ ಮುಗಿಸಿದ್ದನ್ನು ವಾಪಸ್ ಹಾಕುವುದನ್ನೇ ಮರೆತಿದ್ದೆ. ಅದನ್ನು ಸರಿಪಡಿಸಲು ಬರೆದದ್ದು ನಾಲ್ಕು ಸಾಲು. ಆಮೇಲೆ ರಾತ್ರಿಯಿಡೀ ಓಡಿತು.